ಆರು ಕಾಲಿನ ನಾಯಿ, ನೇರಳೆ ಮೋಡ: ಎಚ್‌ಡಿಆರ್ ಫೋಟೊ ಕೆಡುವುದೆಲ್ಲಿ?

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಲ್ಲಿ ನಾನು ಮಾಡಿದ ಮೊದಲ ಎಚ್‌ಡಿಆರ್ ಫೋಟೊದಲ್ಲಿ, ಅಂದರೆ ಹೆಚ್ಚು ಕಡಿಮೆ ಬೆಳಕಿನ ಹಲವು ಫ್ರೇಮ್ ಬೆಸೆದ ಫೋಟೊದಲ್ಲಿ, ಒಂದು ನಾಯಿಗೆ ಆರು ಕಾಲಿತ್ತು. ಕಲ್ಲಿನ ಕಂಬಗಳು ನೀಲಿಯಾಗಿದ್ದವು. ಹಿಂದಿನ ಬೆಟ್ಟದ ಅಂಚಿಗೆ ಟ್ಯೂಬ್‌ಲೈಟ್ ಕಟ್ಟಿದ ಹಾಗೆ ಬಿಳಿ ಗೆರೆ. ಸೂರ್ಯನ ಪಕ್ಕದ ಮೋಡ ನೇರಳೆ. ಮನೆಯಲ್ಲಿ ತೋರಿಸಿದರೆ, ‘ಇದೇನು, ಕ್ಯಾಲೆಂಡರ್ ಚಿತ್ರಾನಾ?’ ಅಂದರು.

ಎರಡು ರಾತ್ರಿ ಸಾಫ್ಟ್‌ವೇರ್‌ನ ಸ್ಲೈಡರ್‌ಗಳನ್ನು ಎಳೆದಾಡಿದೆ. ಹೋಗಲಿಲ್ಲ. ಮೂರನೇ ದಿನ ಬೇಜಾರಾಗಿ, ಬೆಸೆದ ಚಿತ್ರವನ್ನು ಬದಿಗಿಟ್ಟು ಮೂಲದ ಮೂರು ಫ್ರೇಮ್‌ಗಳನ್ನು ಬೇರೆ ಬೇರೆಯಾಗಿ ತೆರೆದು ನೋಡಿದೆ. ಹತ್ತು ನಿಮಿಷದಲ್ಲಿ ಎಲ್ಲ ಗೊತ್ತಾಯಿತು. ಬಿಳಿ ಗೆರೆಯೊಂದನ್ನು ಬಿಟ್ಟರೆ ಉಳಿದ ತಪ್ಪೆಲ್ಲ ಶುರುವಾಗಿದ್ದು ದೇವಸ್ಥಾನದ ಅಂಗಳದಲ್ಲೇ, ಕ್ಯಾಮೆರಾದಲ್ಲೇ. ನಾನು ಕಂಪ್ಯೂಟರ್‌ನಲ್ಲಿ ಹುಡುಕುತ್ತಾ ಕೂತಿದ್ದೆ.

ಹಾಗಾಗಿ ಇಲ್ಲಿ ಬರೆದಿರುವ ಪತ್ತೆ ಕೆಲಸ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಚಿತ್ರದಲ್ಲಿ ಏನು ಕಾಣುತ್ತಿದೆ ಅಂತ ನೋಡಿ, ಅದು ಯಾವ ಫ್ರೇಮ್‌ನಿಂದ ಬಂತು ಅಂತ ಹುಡುಕಿ. ಸ್ಲೈಡರ್ ಮುಟ್ಟುವುದು ಆಮೇಲೆ.

ಎಚ್‌ಡಿಆರ್ ಏನು ಅಂತ ಎರಡು ಮಾತು. ಒಂದೇ ದೃಶ್ಯದಲ್ಲಿ ತುಂಬಾ ಬೆಳಕು, ತುಂಬಾ ಕತ್ತಲು ಎರಡೂ ಇದ್ದರೆ ಒಂದೇ ಫ್ರೇಮ್‌ನಲ್ಲಿ ಎರಡನ್ನೂ ಹಿಡಿಯುವುದು ಕಷ್ಟ. ಅದಕ್ಕೆ ಕಡಿಮೆ ಎಕ್ಸ್‌ಪೋಶರ್‌ನದು (ಅಂದರೆ ಕಡಿಮೆ ಬೆಳಕು ಬಿಟ್ಟದ್ದು), ಸರಿಯಾದದ್ದು, ಜಾಸ್ತಿಯದು ಅಂತ ಹಲವು ಫ್ರೇಮ್ ತೆಗೆದು ಬೆಸೆಯುತ್ತೇವೆ. ಹೀಗೆ ಸಾಲಾಗಿ ತೆಗೆಯುವುದಕ್ಕೆ ಬ್ರಾಕೆಟಿಂಗ್ ಅಂತ ಹೆಸರು. ಬೆಸೆದದ್ದನ್ನು ಪರದೆಯಲ್ಲಿ ಕಾಣುವ ಮಟ್ಟಕ್ಕೆ ಕುಗ್ಗಿಸುವುದು ಟೋನ್ ಮ್ಯಾಪಿಂಗ್. ಇದೇನು ಹೊಸ ಹುಚ್ಚಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಇಟ್ಟು ಒಂದೇ ಪ್ರಿಂಟ್ ಮಾಡುತ್ತಿದ್ದ. ಅವನಿಗೆ ಸ್ಲೈಡರ್ ಇರಲಿಲ್ಲ, ಅಷ್ಟೇ.

ಮೊದಲ ಪರೀಕ್ಷೆ: ಫೈಲ್ ಮಾಹಿತಿ ಓದಿ

ಯಾವ ದೋಷವೇ ಇರಲಿ, ಇಲ್ಲಿಂದ ಶುರು ಮಾಡಿ. ಪ್ರತಿ ಫ್ರೇಮ್‌ನ ಜೊತೆ ಕ್ಯಾಮೆರಾ ಬರೆದಿಟ್ಟ ಮಾಹಿತಿ ಇರುತ್ತದೆ: ಶಟರ್ ವೇಗ (ಎಷ್ಟು ಹೊತ್ತು ಬೆಳಕು ಬಿಟ್ಟಿತು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯಿತು), ಐಎಸ್‌ಓ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಿತು), ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ). ಮೂರೂ ಫ್ರೇಮ್‌ಗಳದನ್ನು ಪಕ್ಕಪಕ್ಕ ಇಟ್ಟು ನೋಡಿ. ಬದಲಾಗಬೇಕಾದ್ದು ಒಂದೇ, ಶಟರ್ ವೇಗ. ಬೇರೆ ಯಾವುದಾದರೂ ಬದಲಾಗಿದ್ದರೆ ಅರ್ಧ ಕಾಯಿಲೆ ಸಿಕ್ಕಿತು ಅಂತಲೇ ಲೆಕ್ಕ.

ನನ್ನ ಮೂರು ಫ್ರೇಮ್‌ಗಳಲ್ಲಿ ಶಟರ್ ಮೂರರಲ್ಲೂ 1/60. ಅಪರ್ಚರ್ ಮಾತ್ರ ಎಫ್/5.6, ಎಫ್/8, ಎಫ್/11 ಅಂತ ಬದಲಾಗಿತ್ತು. ಶಟರ್ ಪ್ರಯಾರಿಟಿ ಮೋಡ್‌ನಲ್ಲಿ ಬ್ರಾಕೆಟಿಂಗ್ ಹಾಕಿದ್ದೆ. ಶಟರ್ ನಾನು ಕಟ್ಟಿಹಾಕಿದ್ದರಿಂದ ಪಾಪ ಕ್ಯಾಮೆರಾ ಅಪರ್ಚರ್ ಬದಲಾಯಿಸಿತು. ಅಪರ್ಚರ್ ಬದಲಾದರೆ ಎಷ್ಟು ದೂರದವರೆಗೆ ಚಿತ್ರ ಚೂಪಾಗಿರುತ್ತದೆ ಅನ್ನುವುದೂ ಬದಲಾಗುತ್ತದೆ. ಒಂದು ಫ್ರೇಮ್‌ನಲ್ಲಿ ಹಿಂದಿನ ಗೋಪುರ ಮಸುಕು, ಇನ್ನೊಂದರಲ್ಲಿ ಚೂಪು. ಬೆಸೆದಾಗ ಗೋಪುರದ ಸುತ್ತ ನೆರಳಿನಂಥ ಕೊಳಕು ಅಂಚು ಬಂದಿತ್ತು. ಎಷ್ಟು ಶಾರ್ಪನ್ ಮಾಡಿದರೂ ಅದು ಹೋಗುವುದಿಲ್ಲ.

ಅಪರ್ಚರ್ ಪ್ರಯಾರಿಟಿ ಅಥವಾ ಮ್ಯಾನುಯಲ್ ಮೋಡ್‌ಗೆ ಹೋಗಿ. ಐಎಸ್‌ಓ 100ಕ್ಕೆ ಕಟ್ಟಿ. ಆಟೋ ಐಎಸ್‌ಓ ಬಿಟ್ಟರೆ ಕೆಲವು ಕ್ಯಾಮೆರಾಗಳು ಬೆಳಕು ಹೆಚ್ಚಿಸಲು ಶಟರ್ ಬದಲು ಐಎಸ್‌ಓವನ್ನೇ ಏರಿಸುತ್ತವೆ. ಆಗ ಕತ್ತಲನ್ನು ಸ್ವಚ್ಛವಾಗಿ ತೋರಿಸಬೇಕಾದ ಫ್ರೇಮ್‌ನಲ್ಲೇ ಮರಳು ಎರಚಿದಂಥ ನಾಯ್ಸ್ ಸೇರುತ್ತದೆ. ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿಗೆ ಇಡಿ. ಫೋಕಸ್ ಒಂದು ಸಲ ಹಿಡಿದ ಮೇಲೆ ಮ್ಯಾನುಯಲ್‌ಗೆ ತಿರುಗಿಸಿ. ಇಲ್ಲದಿದ್ದರೆ ಮೊದಲ ಫ್ರೇಮ್‌ನಲ್ಲಿ ಹತ್ತಿರದ ಕಂಬ, ಎರಡನೆಯದರಲ್ಲಿ ಬಾಗಿಲ ಆಚೆಯ ಬಿಲ್ವಮರ ಅಂತ ಕ್ಯಾಮೆರಾ ತನ್ನಿಷ್ಟಕ್ಕೆ ಅಲೆಯುತ್ತದೆ.

ಇನ್ನೊಂದು ಕಳ್ಳ ಇದೆ. ಕ್ಯಾನನ್‌ನಲ್ಲಿ ಆಟೋ ಲೈಟಿಂಗ್ ಆಪ್ಟಿಮೈಜರ್, ನಿಕಾನ್‌ನಲ್ಲಿ ಆಕ್ಟಿವ್ ಡಿ-ಲೈಟಿಂಗ್. ಕತ್ತಲಿದ್ದರೆ ತಾನೇ ಎತ್ತಿ ಕೊಡುವ ಸೌಲಭ್ಯ ಇದು. ಒಂಟಿ ಫೋಟೊಗೆ ಒಳ್ಳೆಯದೇ. ಬ್ರಾಕೆಟಿಂಗ್‌ನಲ್ಲಿ ಮಾತ್ರ ನಾವು ಬೇಕೆಂದೇ ಕಪ್ಪಾಗಿ ತೆಗೆದ ಫ್ರೇಮ್‌ನ ಜೆಪೆಗ್ ಅನ್ನೂ ಇದು ಬೆಳ್ಳಗೆ ಮಾಡಲು ಹೊರಡುತ್ತದೆ. ‘ಮೂರೂ ಫ್ರೇಮ್ ಹೆಚ್ಚುಕಡಿಮೆ ಒಂದೇ ಥರ ಕಾಣ್ತಿವೆ’ ಅಂತ ಅನಿಸಿದರೆ ಮೊದಲು ಇದನ್ನು ಆಫ್ ಮಾಡಿ ನೋಡಿ.

ಬೆಸೆದ ಮೇಲೂ ಬೆಳಕು ಸುಟ್ಟೇ ಇದೆ

ಹೊಸಬರಿಗೆ ಇದೇ ದೊಡ್ಡ ತಲೆನೋವು. ನನಗೂ ಇದೇ ಜಾಸ್ತಿ ಕಾಡಿದ್ದು. ಅದಕ್ಕೆ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ಶಿಡ್ಲಘಟ್ಟದ ಕಡೆ ನಮ್ಮ ನೆಂಟರದೊಂದು ತೊಟ್ಟಿ ಮನೆ ಇದೆ. ನಡುವೆ ತೆರೆದ ತೊಟ್ಟಿ, ಮೇಲಿಂದ ನೇರ ಬಿಸಿಲು. ಸುತ್ತ ಜಗಲಿ, ಮೂಲೆಯಲ್ಲಿ ರಾಗಿ ತುಂಬಿದ ಹಳೆಯ ವಾಡೆ. ಅಲ್ಲಿ ಮೂರು ಫ್ರೇಮ್ ತೆಗೆದೆ. ಬೆಸೆದ ಮೇಲೆ ಬಿಸಿಲು ಬಿದ್ದ ಸುಣ್ಣದ ಗೋಡೆ ಇನ್ನೂ ಬರೀ ಬಿಳಿ ಹಾಳೆ. ವಾಡೆ ಇನ್ನೂ ಮಸಿ. ಹಾಗಾದರೆ ಎಚ್‌ಡಿಆರ್ ಏನು ಮಾಡಿತು?

ಏನೂ ಮಾಡಲಿಲ್ಲ. ಇಲ್ಲದ್ದನ್ನು ಅದು ಎಲ್ಲಿಂದ ತಂದೀತು? ಕ್ಯಾಮೆರಾ ಹೊಸದಾಗಿ ತಂದಾಗ ಇದ್ದ ಹಾಗೆ ಬ್ರಾಕೆಟಿಂಗ್ ಒಂದು ಸ್ಟಾಪ್ ಅಂತರದಲ್ಲಿತ್ತು. ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು, ಇಲ್ಲವೇ ಅರ್ಧ. ಅಂದರೆ ನಾನು ತೆಗೆದದ್ದು 1/125, 1/60, 1/30. ಆ ಮನೆಗೆ ಅದು ಎಲ್ಲಿ ಸಾಕು?

ಮತ್ತೆ ಹೋಗಿ ಅಳೆದೆ. ಒಂದು ಸಣ್ಣ ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಹಾಕಿ, ಎಫ್/8, ಐಎಸ್‌ಓ 100 ಇಟ್ಟು, ಮೊದಲು ಬಿಸಿಲಿನ ಗೋಡೆಗೆ ಗುರಿ ಹಿಡಿದೆ. 1/2000 ಅಂದಿತು. ವಾಡೆಯ ಮೂಲೆಗೆ ಹಿಡಿದೆ. 1/4 ಸೆಕೆಂಡ್ ಅಂದಿತು. 1/4ರಿಂದ ಅರ್ಧರ್ಧ ಮಾಡುತ್ತಾ ಎಣಿಸಿ: 1/8, 1/15, 1/30, 1/60, 1/125, 1/250, 1/500, 1/1000, 1/2000. ಒಂಬತ್ತು ಹೆಜ್ಜೆ. ಎರಡು ಜಾಗದ ನಡುವೆ ಒಂಬತ್ತು ಸ್ಟಾಪ್, ಅಂದರೆ ಸುಮಾರು 500 ಪಟ್ಟು ವ್ಯತ್ಯಾಸ.

ಹಾಗಂತ 1/2000ದಿಂದ 1/4ರವರೆಗೆ ಎಲ್ಲವನ್ನೂ ತೆಗೆಯಬೇಕಿಲ್ಲ. ಮೀಟರ್‌ಗೆ ಒಂದೇ ಆಸೆ: ತೋರಿಸಿದ್ದೆಲ್ಲ ನಡುಬೂದಿ ಬಣ್ಣಕ್ಕೆ ಬರಬೇಕು. ಸುಣ್ಣದ ಗೋಡೆ ಬೂದಿ ಆಗಬಾರದು, ಬಿಳಿಯಾಗಿಯೇ ಇರಬೇಕು, ಅಲ್ವಾ? ಆದ್ದರಿಂದ 1/1000 ಸಾಕು. ಅಲ್ಲಿಂದ ಎರಡೆರಡು ಸ್ಟಾಪ್, ಅಂದರೆ ಪ್ರತಿ ಸಲ ನಾಲ್ಕು ಪಟ್ಟು ಬೆಳಕು: 1/1000, 1/250, 1/60, 1/15, 1/4. ಐದು ಫ್ರೇಮ್. ಮೂಲೆ ಕತ್ತಲಾಗಿ ಕಂಡರೆ ಸಾಕು ಅನ್ನುವವರಿಗೆ ಕೊನೆಯ 1/4 ಬೇಡ. ಆದರೆ ನೆರಳು ಸ್ವಚ್ಛವಾಗಿ ಬರಬೇಕಾದರೆ ಅದು ಇರಲಿ.

ನನ್ನ ಕ್ಯಾಮೆರಾ ಒಂದು ಸಲಕ್ಕೆ ಮೂರೇ ಫ್ರೇಮ್ ಕೊಡುತ್ತದೆ. ಪರವಾಗಿಲ್ಲ. ಮ್ಯಾನುಯಲ್ ಮೋಡ್‌ನಲ್ಲಿ ಎರಡು ಸ್ಟಾಪ್ ಅಂತರ ಹಾಕಿ, ನಡುವಿನ ಶಟರ್ 1/250 ಇಟ್ಟು ಒಂದು ಸಲ ಒತ್ತಿ. 1/1000, 1/250, 1/60 ಸಿಗುತ್ತವೆ. ಆಮೇಲೆ ನಡುವಿನದು 1/15ಕ್ಕೆ ತಿರುಗಿಸಿ ಇನ್ನೊಂದು ಸಲ. 1/60, 1/15, 1/4. 1/60 ಎರಡು ಸಲ ಬಂತು, ಒಂದನ್ನು ಎಸೆಯಿರಿ. ಶಟರ್ ತಿರುಗಿಸುವಾಗ ಕ್ಯಾಮೆರಾ ಅಲುಗಬಾರದು, ಅದೊಂದೇ ಕಷ್ಟ.

ಮೀಟರ್ ಲೆಕ್ಕ ಬೇಡ ಅನ್ನುವವರು ಹಿಸ್ಟೋಗ್ರಾಮ್ ನೋಡಿ, ಅಂದರೆ ಚಿತ್ರದಲ್ಲಿ ಕತ್ತಲು ಎಷ್ಟು (ಎಡಗಡೆ), ಬೆಳಕು ಎಷ್ಟು (ಬಲಗಡೆ) ಅಂತ ಗುಡ್ಡೆಯಾಗಿ ತೋರಿಸುವ ನಕ್ಷೆ. ಸರಣಿಯ ಅತಿ ಕಪ್ಪು ಫ್ರೇಮ್‌ನಲ್ಲಿ ಗುಡ್ಡೆ ಬಲಗಡೆಯ ಗೋಡೆಗೆ ಅಂಟಿರಬಾರದು. ಅಂಟಿದ್ದರೆ ಇನ್ನೂ ಒಂದು ಕಪ್ಪು ಫ್ರೇಮ್ ಬೇಕು. ಅತಿ ಬಿಳಿ ಫ್ರೇಮ್‌ನಲ್ಲಿ ಗುಡ್ಡೆ ಎಡಗಡೆಯ ಗೋಡೆ ಬಿಟ್ಟು ಒಳಗೆ ಬಂದಿರಬೇಕು. ಚೌಕಟ್ಟಿನಲ್ಲಿ ಸೂರ್ಯನೇ ಇದ್ದರೆ ಮಾತ್ರ ಈ ನಿಯಮ ಬಿಡಿ. ಸೂರ್ಯನ ಬಿಲ್ಲೆ ಸುಟ್ಟೇ ಇರಲಿ, ಅದನ್ನು ಹಿಡಿಯಲು ಹೋಗುವುದು ವ್ಯರ್ಥ.

ನನ್ನ ನೇರಳೆ ಮೋಡವೂ ಈ ಜಾತಿಯದೇ. ಸೆನ್ಸರ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳು ಒಟ್ಟಿಗೆ ತುಂಬುವುದಿಲ್ಲ. ಹಗಲು ಬೆಳಕಿನಲ್ಲಿ ಸಾಮಾನ್ಯವಾಗಿ ಹಸಿರು ಮೊದಲು ತುಂಬಿ ನಿಲ್ಲುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್ ಲೆಕ್ಕ ಕೆಂಪನ್ನೂ ನೀಲಿಯನ್ನೂ ಹೆಚ್ಚಿಸಿದಾಗ ಹಸಿರು ಹಿಂದೆ ಬೀಳುತ್ತದೆ. ಕೆಂಪು, ನೀಲಿ ಸೇರಿದರೆ ನೇರಳೆ. ಎಲ್ಲ ಫ್ರೇಮ್‌ಗಳಲ್ಲೂ ಆ ಮೋಡ ಸುಟ್ಟಿದ್ದರೆ ಸಾಫ್ಟ್‌ವೇರ್‌ಗೆ ಸರಿಯಾದ ಬಣ್ಣ ಸಿಗುವುದೇ ಇಲ್ಲ. ಎಲೆಗಳ ಅಂಚಿನಲ್ಲಿ ಮಾತ್ರ ತೆಳ್ಳಗೆ ನೇರಳೆ ಇದ್ದರೆ ಅದು ಬೇರೆ, ಲೆನ್ಸಿನ ದೋಷ. ಬೆಸೆಯುವ ಮೊದಲೇ ಪ್ರತಿ ಫ್ರೇಮ್‌ನಲ್ಲಿ ತೆಗೆದುಬಿಡಿ.

ರಾ ಫೈಲ್‌ನಲ್ಲೇ (ಸೆನ್ಸರ್ ಕೊಟ್ಟ ಮೂಲ ಮಾಹಿತಿಯ ಫೈಲ್) ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಕಾರಣ ಸರಳ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟ. 14 ಬಿಟ್ ರಾ ಫೈಲ್‌ನಲ್ಲಿ 16384. ನೆರಳು ಎತ್ತಿದಾಗ ಜೆಪೆಗ್‌ನಲ್ಲಿ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಆದರೆ ಜೆಪೆಗ್‌ನಲ್ಲೇ ಕಲಿಯಲು ಶುರು ಮಾಡಿದರೆ ಪಾಪವೇನಲ್ಲ. ಬ್ರಾಕೆಟ್ ಅಗಲವಾಗಿದ್ದರೆ ಜೆಪೆಗ್‌ನಲ್ಲೂ ತಕ್ಕ ಮಟ್ಟಿಗೆ ಬರುತ್ತದೆ.

ನಾಯಿಗೆ ಆರು ಕಾಲು

ಫ್ರೇಮ್ ಒಂದರಲ್ಲಿ ನಾಯಿ ಮಂಟಪದ ಎಡಕ್ಕೆ. ಎರಡರಲ್ಲಿ ಒಂದು ಹೆಜ್ಜೆ ಮುಂದೆ. ಮೂರರಲ್ಲಿ ಇನ್ನೊಂದು ಹೆಜ್ಜೆ. ಸಾಫ್ಟ್‌ವೇರ್ ಮೂರೂ ನಾಯಿಗಳನ್ನು ಸೇರಿಸಿ ಒಂದು ಮಾಡಿತು. ಇದಕ್ಕೆ ಘೋಸ್ಟಿಂಗ್ ಅನ್ನುತ್ತಾರೆ. ನಾಯಿ, ಭಕ್ತರು, ತೆಂಗಿನ ಗರಿ, ಹೊಲದ ರಾಗಿ ತೆನೆ, ಕಲ್ಯಾಣಿಯ ನೀರಿನ ಅಲೆ, ಓಡುವ ಮೋಡ: ಅಲುಗುವುದೆಲ್ಲ ದೆವ್ವವಾಗುತ್ತದೆ.

ಬೆಸೆಯುವ ಸಾಫ್ಟ್‌ವೇರ್‌ಗಳಲ್ಲಿ ಡೀಘೋಸ್ಟ್ ಅನ್ನುವ ಆಯ್ಕೆ ಇರುತ್ತದೆ. ಅದು ಅಲುಗಿದ ಜಾಗವನ್ನು ಒಂದೇ ಫ್ರೇಮ್‌ನಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಅದನ್ನು ಪೂರ್ತಿ ಏರಿಸಬೇಡಿ. ಏರಿಸಿದರೆ ದೆವ್ವ ಹೋಗುತ್ತದೆ, ಆದರೆ ಆ ಜಾಗ ಮಾತ್ರ ತೇಪೆ ಹಾಕಿದ ಹಾಗೆ ನಾಯ್ಸ್ ತುಂಬಿ ಕಾಣುತ್ತದೆ. ಕಡಿಮೆಯಿಂದ ಶುರು ಮಾಡಿ, ಒಂದೊಂದೇ ಮಟ್ಟ ಮೇಲಕ್ಕೆ ಹೋಗಿ.

ಇಡೀ ಚಿತ್ರದಲ್ಲಿ ಎಲ್ಲ ಅಂಚೂ ಎರಡೆರಡಾಗಿ ಕಂಡರೆ ಅದು ನಾಯಿಯ ತಪ್ಪಲ್ಲ, ನಿಮ್ಮದು. ಕ್ಯಾಮೆರಾ ಅಲುಗಿದೆ. ಸಾಫ್ಟ್‌ವೇರ್‌ನ ಅಲೈನ್ ಆಯ್ಕೆ ಸಣ್ಣ ಅಲುಗಾಟವನ್ನು ಸರಿ ಮಾಡುತ್ತದೆ. ಆದರೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ವಾಲಿದ್ದರೆ ಆಗುವುದಿಲ್ಲ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಹಿಂದಿನ ಗೋಡೆಯ ಮೇಲೆ ಜಿಗಿಯುತ್ತದೆ. ಹತ್ತಿರದ ಕಂಬ ಹಿಂದಿನ ಬೆಟ್ಟದ ಮೇಲೆ ಹಾಗೇ ಜಿಗಿದಿರುತ್ತದೆ. ಕಂಬ ಹೊಂದಿಸಿದರೆ ಬೆಟ್ಟ ತಪ್ಪುತ್ತದೆ, ಬೆಟ್ಟ ಹೊಂದಿಸಿದರೆ ಕಂಬ.

ಟ್ರೈಪಾಡ್ ಇದ್ದರೆ ಸುಲಭ. ಆದರೆ ಭೋಗನಂದೀಶ್ವರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಇಂಥ ಕಡೆ ಟ್ರೈಪಾಡ್‌ಗೆ ಅನುಮತಿ ಬೇಕಾಗುತ್ತದೆ. ಬಾಗಿಲಲ್ಲೇ ಕೇಳಿ, ಬೇಡ ಅಂದರೆ ವಾದ ಮಾಡಬೇಡಿ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮೊದಲೂ ಅಷ್ಟೇ, ಕೇಳಿ. ನಾನು ಕಂಡುಕೊಂಡ ದಾರಿ ಒಂದು ಕಿಲೋ ರಾಗಿ. ಹಳೆಯ ಬಟ್ಟೆ ಚೀಲಕ್ಕೆ ರಾಗಿ ತುಂಬಿ ಬಾಯಿ ಹೊಲಿದುಬಿಟ್ಟೆ. ಮೆಟ್ಟಿಲ ಮೇಲೋ ನೆಲದ ಮೇಲೋ ಇಟ್ಟು, ಕ್ಯಾಮೆರಾ ಅದುಮಿ ಕೂರಿಸಿದರೆ ಸಾಕು. ಕಾಳು ಸಣ್ಣದಾದ್ದರಿಂದ ಲೆನ್ಸಿನ ಸುತ್ತ ಗುಂಡಿ ಮಾಡಿಕೊಂಡು ಗಟ್ಟಿಯಾಗಿ ಹಿಡಿಯುತ್ತದೆ. ಅವರೆಕಾಳು ಹಾಕಿಯೂ ನೋಡಿದೆ, ಜಾರುತ್ತದೆ. ಅಕ್ಕಿ ಪರವಾಗಿಲ್ಲ. ರಾಗಿಗೆ ಸಮ ಇಲ್ಲ.

ಬೆರಳಿನಿಂದ ಒತ್ತುವುದೂ ಅಲುಗಿಸುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಟೈಮರ್ ಜೊತೆ ಬ್ರಾಕೆಟಿಂಗ್ ಇದ್ದರೆ ಒಂದೇ ಒತ್ತಿಗೆ ಎಲ್ಲ ಫ್ರೇಮ್ ಬಂದುಬಿಡುತ್ತವೆ. ಕೈಯಲ್ಲೇ ಹಿಡಿದು ತೆಗೆಯಲೇಬೇಕಾದರೆ ಕಂಟಿನ್ಯುಯಸ್ ಮೋಡ್‌ಗೆ ಹಾಕಿ, ಗುಂಡಿ ಒತ್ತಿ ಹಿಡಿಯಿರಿ. ಆಗ ನಿಮ್ಮ ಅತಿ ನಿಧಾನದ ಫ್ರೇಮ್ ಅನ್ನೂ ಕೈ ತಡೆದುಕೊಳ್ಳಬೇಕು. 18 ಎಂಎಂ ಲೆನ್ಸಿಗೆ 1/30 ತನಕ ನನ್ನ ಕೈ ನಿಲ್ಲುತ್ತದೆ. ಬೆಟ್ಟ ಹತ್ತಿ ಬಂದ ತಕ್ಷಣ ಅಷ್ಟೂ ನಿಲ್ಲುವುದಿಲ್ಲ.

ಬೆಟ್ಟದ ಸುತ್ತ ಬಿಳಿ ಗೆರೆ

ನನ್ನ ಫೋಟೊದಲ್ಲಿ ಪೂರ್ತಿ ಕಂಪ್ಯೂಟರ್‌ನಲ್ಲೇ ಹುಟ್ಟಿದ ದೋಷ ಇದೊಂದೇ. ಹೆಸರು ಹೇಲೊ. ದೇವರ ತಲೆಯ ಹಿಂದಿನ ಪ್ರಭಾವಳಿ ಇದ್ದ ಹಾಗೆ ಬೆಟ್ಟ, ಗೋಪುರ, ಮರ ಎಲ್ಲಕ್ಕೂ ಬೆಳಕಿನ ಬಳೆ.

ಏಕೆ ಬರುತ್ತದೆ? ಟೋನ್ ಮ್ಯಾಪಿಂಗ್ ಪ್ರತಿ ಚುಕ್ಕೆಯನ್ನೂ ಅದರ ನೆರೆಹೊರೆಯ ಜೊತೆ ಹೋಲಿಸಿ ಬೆಳಕು ಹೆಚ್ಚು ಕಡಿಮೆ ಮಾಡುತ್ತದೆ. ಬರೀ ಆಕಾಶದ ನಡುವೆ ಇರುವ ಚುಕ್ಕೆಯ ನೆರೆಹೊರೆಯೆಲ್ಲ ಬೆಳಕು. ‘ಇಲ್ಲಿ ಬೆಳಕು ಜಾಸ್ತಿ, ಇಳಿಸೋಣ’ ಅಂತ ಇಳಿಸುತ್ತದೆ. ಬೆಟ್ಟದ ಅಂಚಿನ ಪಕ್ಕದ ಆಕಾಶಕ್ಕೆ ಅರ್ಧ ನೆರೆಹೊರೆ ಕಪ್ಪು ಬೆಟ್ಟ. ಸರಾಸರಿ ನೋಡಿ ‘ಇಲ್ಲಿ ಅಷ್ಟೇನೂ ಬೆಳಕಿಲ್ಲ’ ಅಂತ ಕಡಿಮೆ ಇಳಿಸುತ್ತದೆ. ಅಂಚಿನ ಆಕಾಶ ಬೆಳ್ಳಗೆ ಉಳಿಯುತ್ತದೆ, ದೂರದ್ದು ಗಾಢವಾಗುತ್ತದೆ. ಅದೇ ಗೆರೆ.

ಟೋನ್ ಮ್ಯಾಪಿಂಗ್‌ನ ಸ್ಟ್ರೆಂತ್ ಇಳಿಸಿ. ಕ್ಲಾರಿಟಿ, ಡೀಹೇಜ್ ಸ್ಲೈಡರ್‌ಗಳನ್ನು ಇಳಿಸಿ. ನನ್ನ ಅನುಭವದಲ್ಲಿ ಹೊಸಬರು ಇವೆರಡನ್ನೇ ಮಿತಿ ಮೀರಿ ಎಳೆಯುವುದು. ಆಗಲೂ ಹೋಗದಿದ್ದರೆ ದಾರಿಯನ್ನೇ ಬದಲಿಸಿ. ಎಕ್ಸ್‌ಪೋಶರ್ ಫ್ಯೂಶನ್ ಅಂತ ಬೇರೊಂದು ವಿಧಾನ ಇದೆ, 2007ರಲ್ಲಿ ಮರ್ಟೆನ್ಸ್, ಕೌಟ್ಜ್, ವಾನ್ ರೀತ್ ಎಂಬ ಮೂವರು ಕೊಟ್ಟಿದ್ದು. ಅದು ಟೋನ್ ಮ್ಯಾಪಿಂಗ್ ಮಾಡುವುದೇ ಇಲ್ಲ. ಪ್ರತಿ ಫ್ರೇಮ್‌ನಲ್ಲಿ ಚೆನ್ನಾಗಿ ಬಂದ ಭಾಗಗಳಿಗೆ ಹೆಚ್ಚು ಬೆಲೆ ಕೊಟ್ಟು ನೇರವಾಗಿ ಬೆಸೆಯುತ್ತದೆ. ಎನ್‌ಫ್ಯೂಸ್ ಅನ್ನುವ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ. ಹೇಲೊ ಕಡಿಮೆ, ನೋಡಲೂ ಸಹಜ. ನಾಟಕೀಯವಾಗಿ ಕಾಣುವುದಿಲ್ಲ ಅಂತ ಕೆಲವರಿಗೆ ಬೇಸರ. ನನಗೆ ಅದೇ ಇಷ್ಟ.

ಉಪ್ಪಿಲ್ಲದ ಸಾರು, ನೀಲಿ ಕಂಬ

ಎಲ್ಲ ಕಾಣುತ್ತಿದೆ, ಆದರೆ ಚಿತ್ರ ಸಪ್ಪೆ. ನೆರಳನ್ನೆಲ್ಲ ಎತ್ತಿ, ಬೆಳಕನ್ನೆಲ್ಲ ಇಳಿಸಿ, ಎರಡನ್ನೂ ನಡುವಿಗೆ ತಂದು ಗುಡ್ಡೆ ಹಾಕಿದರೆ ಆಗುವುದೇ ಅದು. ಬ್ಲ್ಯಾಕ್ ಪಾಯಿಂಟ್ ಒಂದಿಷ್ಟು ಒಳಗೆ ತನ್ನಿ. ಚಿತ್ರದಲ್ಲಿ ಎಲ್ಲೋ ಒಂದು ಕಡೆ ನಿಜವಾದ ಕಪ್ಪು ಇರಲಿ. ಮಂಟಪದೊಳಗಿನ ಕತ್ತಲು ಕತ್ತಲಾಗಿಯೇ ಇದ್ದರೆ ಹೊರಗಿನ ಬಿಸಿಲು ಬಿಸಿಲಾಗಿ ಕಾಣುತ್ತದೆ. ವಾಡೆಯ ಹಿಂದಿನ ಜೇಡರ ಬಲೆ ಯಾರಿಗೆ ಬೇಕು ಹೇಳಿ?

ಬೆಸೆದ ತಕ್ಷಣ 32 ಬಿಟ್ ಫೈಲ್ ತೆರೆದು ‘ಅಯ್ಯೋ, ಮೊದಲಿಗಿಂತ ಕೆಟ್ಟದಾಗಿದೆ’ ಅಂತ ಗಾಬರಿಯಾಗುವವರೂ ಇದ್ದಾರೆ. ಅದು ದೋಷವಲ್ಲ. ಆ ಫೈಲ್‌ನಲ್ಲಿರುವಷ್ಟು ಬೆಳಕಿನ ಹರವನ್ನು ಸಾಮಾನ್ಯ ಮಾನಿಟರ್ ತೋರಿಸಲಾರದು. ಟೋನ್ ಮ್ಯಾಪಿಂಗ್ ಇನ್ನೂ ಆಗಿಲ್ಲ, ಅಷ್ಟೇ.

ನೀಲಿ ಕಂಬದ ಕಥೆ ಬೇರೆ. ನೆರಳಿನಲ್ಲಿರುವ ಕಲ್ಲಿಗೆ ಸೂರ್ಯನ ಬೆಳಕು ನೇರ ಬೀಳುವುದಿಲ್ಲ, ನೀಲಿ ಆಕಾಶದ ಬೆಳಕು ಬೀಳುತ್ತದೆ. ಆ ನೀಲಿ ಮೊದಲೂ ಇತ್ತು, ಕತ್ತಲಲ್ಲಿ ಕಾಣುತ್ತಿರಲಿಲ್ಲ. ಎಚ್‌ಡಿಆರ್ ಅದನ್ನು ಎತ್ತಿ ಮುಂದಿಟ್ಟಿತು, ಜೊತೆಗೆ ನಾನು ಸ್ಯಾಚುರೇಶನ್ ಏರಿಸಿದ್ದೆ. ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಬಿಸಿಲಿನ ಭಾಗ ಅರಿಶಿನ ಬಳಿದ ಹಾಗಾಗುತ್ತದೆ. ಬ್ರಷ್‌ನಿಂದ ಕಂಬಗಳಿಗೆ ಮಾತ್ರ ಸ್ವಲ್ಪ ಬೆಚ್ಚನೆ ಬಣ್ಣ ಕೊಟ್ಟು, ನೀಲಿಯ ಸ್ಯಾಚುರೇಶನ್ ಇಳಿಸಿ.

ಟ್ಯೂಬ್‌ಲೈಟ್, ಎಲ್‌ಇಡಿ ಇರುವ ಒಳಾಂಗಣದಲ್ಲಿ ಒಂದು ಫ್ರೇಮ್ ಹಳದಿ, ಒಂದು ಸರಿ, ಒಂದರಲ್ಲಿ ಅಡ್ಡ ಪಟ್ಟೆ ಬಂದರೆ ಅದು ಕರೆಂಟಿನ ಆಟ. ನಮ್ಮ ಕರೆಂಟು 50 ಹರ್ಟ್ಜ್. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಫ್ರೇಮ್‌ಗಳನ್ನು 1/100 ಅಥವಾ 1/50ರಲ್ಲಿ, ಇಲ್ಲವೇ ಇನ್ನೂ ನಿಧಾನದಲ್ಲಿ ತೆಗೆಯಿರಿ. ಬೆಳಕು ಹೆಚ್ಚಾದರೆ ಅಪರ್ಚರ್ ಕಿರಿದು ಮಾಡಿ, ಎಲ್ಲ ಫ್ರೇಮ್‌ಗೂ ಅದನ್ನೇ ಇಡಿ. ಎಲೆಕ್ಟ್ರಾನಿಕ್ ಶಟರ್ ಇದ್ದರೆ ಆಫ್ ಮಾಡಿ.

ಫೈಲ್‌ಗಳು ಬೆರೆತು ಹೋದರೆ

ಒಂದು ದಿನಕ್ಕೆ 200 ಫ್ರೇಮ್ ತಂದರೆ ಯಾವ ಮೂರು ಯಾವ ಮೂರಕ್ಕೆ ಸೇರಿದ್ದು ಅಂತ ತಿಳಿಯುವುದಿಲ್ಲ. ಒಮ್ಮೆ ನಾನು ಕಲ್ಯಾಣಿಯ ಎರಡು ಫ್ರೇಮ್‌ಗೆ ಮಂಟಪದ ಒಂದು ಫ್ರೇಮ್ ಬೆಸೆದು, ‘ಅಲೈನ್ ಕೆಲಸ ಮಾಡ್ತಿಲ್ಲ’ ಅಂತ ಸಾಫ್ಟ್‌ವೇರ್ ಬೈದಿದ್ದೇನೆ. ಈಗ ಪ್ರತಿ ಸರಣಿ ಮುಗಿದ ಮೇಲೆ ಲೆನ್ಸಿನ ಮುಂದೆ ಅಂಗೈ ಹಿಡಿದು ಒಂದು ಫೋಟೊ ಹೊಡೆಯುತ್ತೇನೆ. ಅಂಗೈ ಬಂದರೆ ಸರಣಿ ಮುಗಿದಂತೆ.

ಕೆಲಸ ಮುಗಿದ ಮೇಲೆ ಬ್ರಾಕೆಟಿಂಗ್ ಆಫ್ ಮಾಡುವುದನ್ನು ಮರೆಯಬೇಡಿ. ನಾನು ಮರೆತು, ಮಾರನೇ ದಿನ ಅದೇ ಕ್ಯಾಮೆರಾ ಹಿಡಿದು ಗೃಹಪ್ರವೇಶಕ್ಕೆ ಹೋದೆ. ಹಾಲು ಉಕ್ಕುವ ಹೊತ್ತಿನ ಫೋಟೊ ಸರಣಿಯ ಕಪ್ಪು ಫ್ರೇಮ್‌ಗೆ ಸಿಕ್ಕಿತು. ಆ ಮನೆಯವರು ಈಗಲೂ ನನ್ನ ಕೈಗೆ ಕ್ಯಾಮೆರಾ ಕೊಡುವುದಿಲ್ಲ.

ಫೋನಿನಲ್ಲಿ ಚೆನ್ನಾಗಿತ್ತು, ಕಳಿಸಿದ ಮೇಲೆ ಮಂಕಾಯಿತು

ಐಫೋನಿಗೆ ಎಚ್‌ಡಿಆರ್ ಬಂದಿದ್ದು 2010ರಲ್ಲಿ. ಈಗಿನ ಫೋನ್‌ಗಳು ಕೇಳದೆಯೇ ಹಲವು ಫ್ರೇಮ್ ಹಿಡಿದು ತಾವೇ ಬೆಸೆದು ಕೊಡುತ್ತವೆ. ಹಾಗಾಗಿ ಫೋನಿನ ಮೂರು ಜೆಪೆಗ್ ತಂದು ಮತ್ತೆ ಎಚ್‌ಡಿಆರ್ ಮಾಡಿದರೆ, ಬೆಂದ ಅನ್ನವನ್ನೇ ಮತ್ತೆ ಬೇಯಿಸಿದ ಹಾಗೆ. ಮುದ್ದೆಯಾಗುತ್ತದೆ, ತಿನ್ನುವ ಮುದ್ದೆಯಲ್ಲ. ಫೋನಿನಲ್ಲೇ ಅಭ್ಯಾಸ ಮಾಡಬೇಕಿದ್ದರೆ ಪ್ರೊ ಮೋಡ್‌ಗೆ ಹೋಗಿ ರಾ ಫೈಲ್ ತೆಗೆಯಿರಿ.

ಮಂಕಾಗುವುದಕ್ಕೆ ಎರಡು ಕಾರಣ. ಒಂದು, ಹೊಸ ಫೋನ್‌ಗಳ ಪರದೆ ಎಚ್‌ಡಿಆರ್ ಫೋಟೊದ ಬೆಳಕಿನ ಭಾಗಗಳನ್ನು ನಿಜವಾಗಿಯೂ ಹೆಚ್ಚು ಪ್ರಕಾಶದಲ್ಲಿ ಬೆಳಗಿಸುತ್ತದೆ. ಎಲ್ಲೆಲ್ಲಿ ಎಷ್ಟು ಬೆಳಗಿಸಬೇಕು ಅನ್ನುವ ಮಾಹಿತಿ ಫೈಲ್‌ನ ಒಳಗೆ ಬೇರೆ ಪದರವಾಗಿ ಕೂತಿರುತ್ತದೆ. 2023ರ ಆಂಡ್ರಾಯ್ಡ್ 14ರಲ್ಲಿ ಬಂದ ಅಲ್ಟ್ರಾ ಎಚ್‌ಡಿಆರ್ ಇದೇ. ಹಲವು ಆ್ಯಪ್‌ಗಳು ಫೋಟೊ ಕುಗ್ಗಿಸುವಾಗ ಆ ಪದರವನ್ನು ಬಿಟ್ಟುಬಿಡುತ್ತವೆ. ಎರಡು, ಕಂಪ್ಯೂಟರ್‌ನಿಂದ ಅಡೋಬಿ ಆರ್‌ಜಿಬಿ ಅಥವಾ ಪ್ರೊಫೋಟೊ ಬಣ್ಣದ ಲೆಕ್ಕದಲ್ಲಿ ಹೊರತೆಗೆದಿರುತ್ತೀರಿ. ಸಾಮಾನ್ಯ ಪರದೆಗಳ ಬಣ್ಣದ ಲೆಕ್ಕವಾದ ಎಸ್‌ಆರ್‌ಜಿಬಿಗೆ ಬದಲಿಸಿ ಕಳಿಸಿ.

ಬೆಳಿಗ್ಗೆ ಆರರ ನಂದಿ ಬೆಟ್ಟ

ಕೊನೆಯದು, ದೋಷವೇ ಅಲ್ಲದ ದೋಷ. 1478 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ನಿಂತು, ಸೂರ್ಯ ಇನ್ನೂ ಮುಖ ತೋರಿಸದ ಹೊತ್ತಲ್ಲಿ ಮಂಜಿನ ಫೋಟೊ ತೆಗೆದು ‘ಎಚ್‌ಡಿಆರ್ ಮಾಡಿದರೆ ಮಂಜೇ ಮಾಯವಾಗಿ ಮಣ್ಣಿನ ಬಣ್ಣ ಆಗ್ತಿದೆ’ ಅನ್ನುವವರನ್ನು ನೋಡಿದ್ದೇನೆ. ಹಿಸ್ಟೋಗ್ರಾಮ್ ತೆಗೆದು ನೋಡಿ. ಗುಡ್ಡೆಯೆಲ್ಲ ನಡುವಿನಲ್ಲಿ, ಎರಡೂ ಗೋಡೆಗಳಿಂದ ದೂರ. ಮಂಜಿರುವಾಗ ಬೆಳಕು, ಕತ್ತಲಿನ ಅಂತರವೇ ಕಡಿಮೆ. ಒಂದೇ ಫ್ರೇಮ್‌ನಲ್ಲಿ ಎಲ್ಲ ಹಿಡಿಯುತ್ತದೆ. ಬ್ರಾಕೆಟಿಂಗ್ ಆಫ್ ಮಾಡಿ, ಒಂದು ಸ್ಟಾಪ್ ಜಾಸ್ತಿ ಕೊಟ್ಟು ಒಂದೇ ಫೋಟೊ ತೆಗೆಯಿರಿ. ಆಮೇಲೆ ಲೆನ್ಸ್ ಒರೆಸಿಕೊಳ್ಳಿ, ಮಂಜಿನ ಹನಿ ಕೂತಿರುತ್ತದೆ.